ಅಗಸೆ ಎಣ್ಣೆ ಕುಡಿದ ಮರ

ತೀರಿಕೊಂಡ ಕಲ್ಲೇಶಪ್ಪನವರ ರೈಫಲ್ ಮಗಳ ಪಾಲಿಗೆ ಹೋಯಿತಂತೆ ಎಂಬ ಸುದ್ದಿ ಕೇಳಿ ಅರಸೀಕೆರೆಯ ನೆಂಟರಿಷ್ಟರಲ್ಲಿ ನಗದವರಿರಲಿಲ್ಲ. ತವರಿನಿಂದ ಹೆಣ್ಣುಮಕ್ಕಳು ಒಡವೆ ಕೇಳುತ್ತಾರೆ, ಸೈಟು ಕೇಳುತ್ತಾರೆ. ಉಷಾರಾಣಿ ಬಾಯಿಬಿಟ್ಟು ಕೇಳಿದ್ದು ಅಪ್ಪನ ಕೋವಿಯೊಂದನ್ನೇ.

“ಲಿಂಗ ಕಟ್ಟಿದ ಮನೇಲಿ ಅದ್ಯಾಕಕ್ಕ ನಿಂಗೆ?” ಎಂದು ಕೊಬ್ಬರಿ ಮಂಡಿ ನಡೆಸುವ ತಮ್ಮ ಇಂದ್ರೇಶ ರೇಗಿಸಿದ.

“ಅಪ್ಪನೂ ಲಿಂಗ ಕಟ್ಟಿದ್ದೋರೇ ಅಲ್ವೇನೋ?” ಎಂದಳು ಉಷಾರಾಣಿ.

ಆ ಮಾತು ನಿಜವೇ. ತೆಂಗಿನ ತೋಟಕ್ಕೆ ಹಂದಿ ನುಗ್ಗಿದಾಗ ಆಕಾಶಕ್ಕೆ ಗುಂಡು ಹಾರಿಸಿದ್ದು ಬಿಟ್ಟರೆ ಕಲ್ಲೇಶಪ್ಪ ಆ ಕೋವಿಯಿಂದ ಒಂದು ಕಾಗೆಯನ್ನೂ ಕೊಂದವರಲ್ಲ. ಆದರೆ ಸಂಜೆ ಹೊತ್ತು ಜಗಲಿಯಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದರು. ಅಪ್ಪನ ಕೈ ಇಷ್ಟು ಸವರಿದ ವಸ್ತು ಆ ಮನೆಯಲ್ಲಿ ಇನ್ನೊಂದಿಲ್ಲ ಎಂದು ಉಷಾರಾಣಿಗೆ ಅನ್ನಿಸಿತ್ತು. ಅಷ್ಟೇ ಕಾರಣ. ಗಂಡ ಇಂದುಧರನ ಕಾಫಿ ತೋಟ ಇದ್ದದ್ದು ಅರೇಹಳ್ಳಿಯ ಹತ್ತಿರ. ಅಲ್ಲಿ ಕಾಡಾನೆಗಳ ಓಡಾಟ ಇದ್ದುದರಿಂದ, ಬೆಳೆ ಕಾಯುವುದಕ್ಕೆಂದು ಅವಳ ಹೆಸರಿಗೆ ಲೈಸೆನ್ಸು ತಡವಾಗಿಯಾದರೂ ಸಿಕ್ಕಿತು. ಜಾವಗಲ್, ಹಳೇಬೀಡು, ಬೇಲೂರು ದಾಟಿ ಕೋವಿ ಅವಳ ಜೊತೆ ಕಾರಿನಲ್ಲಿ ಮನೆಗೆ ಬಂತು.

ಬಂದ ಕೋವಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಹೊಟ್ಟೆ ಉರಿಯುವ ಹಾಗಿತ್ತು. ಭುಜಕ್ಕೆ ಒತ್ತಿ ಹಿಡಿಯುವ ಮರದ ಹಿಡಿಗೆ ಯಾವ ಕಾಲದಲ್ಲೋ ಕಿಟಕಿ ಸರಳಿಗೆ ಬಳಿದು ಉಳಿದ ಕಪ್ಪು ಬಣ್ಣ ಬಳಿದಿದ್ದರು. ಅದು ಹುಣ್ಣಿನ ಹಕ್ಕಳೆಯಂತೆ ಎದ್ದು ನಿಂತಿತ್ತು. ಎದ್ದ ಕಡೆಯಲ್ಲೆಲ್ಲ ತೇವ ಹೊಕ್ಕು ಬೂಷ್ಟು ಹಿಡಿದಿತ್ತು.

“ಹಿಂಗೇ ಬಿಟ್ರೆ ಮರ ಲಡ್ಡಾಗುತ್ತೆ. ಕೆರೆದು ಏನಾದ್ರೂ ಹಚ್ಚು,” ಎಂದ ಇಂದುಧರ.

ಎರಡು ತಿರುಪುಮೊಳೆ ಬಿಚ್ಚಿದರೆ ಮರದ ಹಿಡಿ ಬೇರೆ, ಕಬ್ಬಿಣದ ನಳಿಗೆ ಬೇರೆ. ನಳಿಗೆಯನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು, ಹಿಡಿಯನ್ನು ಮಾತ್ರ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲಿಟ್ಟುಕೊಂಡು ಉಷಾರಾಣಿ ಕೆರೆಯಲು ಕೂತಳು. ಕಪ್ಪಿನ ಕೆಳಗೆ ಇಟ್ಟಿಗೆ ಬಣ್ಣದ ಇನ್ನೊಂದು ಪದರ, ಅದರ ಕೆಳಗೆ ಮರ. ಸ್ಯಾಂಡ್ ಪೇಪರ್ ಉಜ್ಜಿ ಉಜ್ಜಿ ಅಂಗೈ ಕೆಂಪಾಯಿತು. ಕೊನೆಗೆ ಬಣ್ಣವೆಲ್ಲ ಬಿಟ್ಟ ಮೇಲೆ ಕಂಡ ಮರ ಬೂದಿಯ ಬಣ್ಣದ್ದು, ಸಪ್ಪೆ, ಸತ್ತಂತಿದ್ದದ್ದು. ಇಷ್ಟೇನಾ ಎಂದುಕೊಂಡಳು.

ಧೂಳು ಹೋಗಲಿ ಎಂದು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದಳು.

ಬಟ್ಟೆ ಸರಿದ ಕಡೆ ಮರ ಕಣ್ಣು ಬಿಟ್ಟಿತು. ಜೇನಿನ ಬಣ್ಣ, ಅದರೊಳಗೆ ಕಪ್ಪು ಗೆರೆಗಳು, ಗೆರೆಗಳ ಅಡ್ಡಕ್ಕೆ ಅಲೆ ಅಲೆಯಾಗಿ ಏನೋ ಒಂದು ಮಿಂಚು. ನೋಡುತ್ತಿದ್ದ ಹಾಗೇ ಬಿಸಿಲಿಗೆ ತೇವ ಆರಿತು, ಮರ ಮತ್ತೆ ಬೂದಿಯಾಯಿತು. ಇನ್ನೊಮ್ಮೆ ಒರೆಸಿದಳು. ಮತ್ತೆ ಬಂತು, ಮತ್ತೆ ಹೋಯಿತು. ಒಳಗೆ ಯಾರೋ ಇದ್ದಾರೆ, ಬಾಗಿಲು ತಟ್ಟಿದರೆ ಮಾತ್ರ ಇಣುಕುತ್ತಾರೆ ಎಂಬ ಹಾಗೆ. ಅಂದಿನಿಂದ ಅವಳಿಗೆ ಮರವನ್ನು ಕಾಪಾಡುವುದರ ಜೊತೆಗೆ ಇನ್ನೊಂದು ಹಟ ಹಿಡಿಯಿತು. ಆ ಒಂದು ಗಳಿಗೆ ಹೋಗದ ಹಾಗೆ ಹಿಡಿದಿಡುವಂಥದ್ದು ಯಾವುದು?

ಇಂದ್ರೇಶನಿಗೆ ಫೋನ್ ಮಾಡಿದರೆ ಅವನು ಯೋಚನೆಯನ್ನೇ ಮಾಡಲಿಲ್ಲ. “ಕೊಬ್ಬರಿ ಎಣ್ಣೆ ಇರೋವಾಗ ಬೇರೆ ಯಾಕಕ್ಕ? ಗಾಣದ್ದು ಕಳಿಸ್ತೀನಿ.” ಇಂದುಧರ ಹೊಂಗೆ ಎಣ್ಣೆ ಎಂದ. ಹುಳ ಮುಟ್ಟುವುದಿಲ್ಲ, ಅವನ ಅಜ್ಜ ನೇಗಿಲಿಗೆ ಹಚ್ಚುತ್ತಿದ್ದರಂತೆ. ಬೇಲೂರಿನಲ್ಲಿ ಬಣ್ಣದ ಅಂಗಡಿ ಇಟ್ಟಿರುವ ರಮಾ ವಾರ್ನಿಶ್ ಡಬ್ಬಿಯನ್ನು ಮುಂದಿಟ್ಟಳು. “ಒಂದೇ ದಿನದಲ್ಲಿ ಫಳಫಳ ಹೊಳೆಯುತ್ತೆ ಮೇಡಂ. ಅಗಸೆ ಎಣ್ಣೇನೂ ಇದೆ, ಕುದಿಸಿದ್ದು. ಆದ್ರೆ ಅದು ಒಣಗೋಕೆ ತಾಳ್ಮೆ ಬೇಕು, ಈಗ ಯಾರೂ ಕೇಳಲ್ಲ.” ಉಷಾರಾಣಿ ಎರಡನ್ನೂ ತಂದಳು.

ಯಾರ ಮಾತನ್ನೂ ತೆಗೆದುಹಾಕದೆ, ಯಾರ ಮಾತನ್ನೂ ನಂಬದೆ, ತೋಟದ ಸಿಲ್ವರ್ ಓಕ್ ಹಲಗೆಯ ತುಂಡುಗಳಿಗೆ ಒಂದೊಂದನ್ನೂ ಹಚ್ಚಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಕೊಬ್ಬರಿ ಎಣ್ಣೆ ಹಚ್ಚಿದ್ದು ಮೊದಲ ದಿನ ಚೆನ್ನಾಗಿ ಕಂಡಿತು. ಆದರೆ ಅದು ಒಣಗುವ ಜಾತಿಯದ್ದಲ್ಲ. ವಾರವಾದರೂ ಕೈಗೆ ಜಿಡ್ಡು, ಮೇಲೆ ಧೂಳು, ಧೂಳಿನ ಮೇಲೆ ಇರುವೆ. ಹೊಂಗೆ ಎಣ್ಣೆ ಮರವನ್ನು ಮಂಕು ಮಾಡಿತು, ವಾಸನೆಗೆ ಇಂದುಧರನೇ ಮೂಗು ಮುಚ್ಚಿಕೊಂಡ. ವಾರ್ನಿಶ್ ನಿಜಕ್ಕೂ ಕನ್ನಡಿಯಂತೆ ಹೊಳೆಯಿತು. ಮುಟ್ಟಿ ನೋಡಿದರೆ ಬೆರಳಿಗೆ ಮರ ಸಿಗಲಿಲ್ಲ, ಗಾಜು ಸಿಕ್ಕಿತು. ಉಗುರಿನಲ್ಲಿ ಗೀರಿದರೆ ಬಿಳಿ ಗೆರೆ ಉಳಿಯಿತು, ಏನು ಮಾಡಿದರೂ ಹೋಗಲಿಲ್ಲ. ಅಗಸೆ ಎಣ್ಣೆ ಹಚ್ಚಿದ ತುಂಡು ಮಾತ್ರ ಆತುರವೇ ಇಲ್ಲದೆ ಬಿದ್ದುಕೊಂಡಿತ್ತು. ಒಂದು ದಿನ ಅಂಟು, ಮರುದಿನ ಸ್ವಲ್ಪ ಕಡಿಮೆ, ಆಮೇಲೆ ಒಂದು ಬೆಳಿಗ್ಗೆ ಮುಟ್ಟಿದರೆ ಮೈಚರ್ಮದಂತೆ ಬೆಚ್ಚಗೆ, ನಯವಾಗಿ ಸಿಕ್ಕಿತು. ಗೀರಿದ ಜಾಗಕ್ಕೆ ಇನ್ನೊಂದು ತೊಟ್ಟು ಹಚ್ಚಿದರೆ ಗೀರು ಮಾಯ.

“ಇದೇ,” ಎಂದಳು ಉಷಾರಾಣಿ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಿಡಿಗೆ ಎಣ್ಣೆ ಮುಟ್ಟಿಸಿದ ದಿನ ಕಣದಲ್ಲಿ ಕಾಫಿ ಹಣ್ಣು ಹರಡುತ್ತಿದ್ದ ಹುಚ್ಚಮ್ಮ ಕೆಲಸ ಬಿಟ್ಟು ಬಂದು ನಿಂತಳು. ಉಷಾರಾಣಿ ಹತ್ತಿ ಬಟ್ಟೆಯಲ್ಲಿ ಎಣ್ಣೆ ಅದ್ದಿ ಮರದ ಉದ್ದಕ್ಕೂ ಎಳೆದಳು. ಮರ ಗಟಗಟನೆ ಕುಡಿಯಿತು. ಹಚ್ಚಿದಷ್ಟೂ ಕುಡಿಯಿತು. ಒಣ ನೆಲಕ್ಕೆ ಮೊದಲ ಮಳೆ ಬಿದ್ದಂತೆ ಎಣ್ಣೆ ಕಣ್ಣೆದುರೇ ಇಂಗಿ ಹೋಗುತ್ತಿತ್ತು. ಒಳಗಿದ್ದದ್ದು ಆಚೆ ಬಂತು. ಈ ಸಲ ಬಂದದ್ದು ಹೋಗಲಿಲ್ಲ. ಹಿಡಿಯನ್ನು ಚೂರು ಓರೆ ಮಾಡಿದರೆ ಗೆರೆಗಳು ಓಡುತ್ತಿದ್ದವು. ಬೆಳಕಿದ್ದ ಪಟ್ಟೆ ಕಪ್ಪಾಗುತ್ತಿತ್ತು, ಕಪ್ಪಿದ್ದದ್ದು ಹೊತ್ತಿಕೊಳ್ಳುತ್ತಿತ್ತು.

“ಅಯ್ಯೋ ನನ್ನವ್ವ, ಇದು ಮರವಾ? ಹುಲಿ ಚರ್ಮ ಇದ್ದಂಗೈತಲ್ಲವ್ವ!” ಹುಚ್ಚಮ್ಮ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡಳು. “ಮುಟ್ಲಾ?”

“ಮುಟ್ಟು.”

ಮುಟ್ಟಿದ ಬೆರಳನ್ನು ಹುಚ್ಚಮ್ಮ ಕಣ್ಣಿಗೊತ್ತಿಕೊಂಡಳು. ಉಷಾರಾಣಿಗೆ ನಗು ಬರಲಿಲ್ಲ. ಅಕ್ರೋಟು ಮರವಿರಬೇಕು ಎಂದು ಇಂದುಧರ ಫೋನಿನಲ್ಲಿ ಹುಡುಕಿ ಹೇಳಿದ. ಎಲ್ಲಿಯ ಬೆಟ್ಟದ ಮರವೋ, ಎಷ್ಟು ಗಾಳಿಗೆ ಬಾಗಿ, ಎಷ್ಟು ಹಿಮ ಹೊತ್ತು ಆ ಅಲೆಗಳನ್ನು ಒಳಗೆ ಕಟ್ಟಿಕೊಂಡಿತೋ. ಅಪ್ಪ ದಿನಾ ಒರೆಸುತ್ತಿದ್ದರು, ತೊಡೆಯ ಮೇಲೆ ಏನಿದೆ ಎಂದು ಅವರಿಗೂ ಗೊತ್ತಿರಲಿಲ್ಲ.

ತೆಳ್ಳಗೆ ಹಚ್ಚುವುದು, ಹೆಚ್ಚಾದದ್ದನ್ನು ಒರೆಸುವುದು, ಒಣಗಲು ಬಿಡುವುದು, ಮತ್ತೆ ಹಚ್ಚುವುದು. ಹೀಗೆ ಪುಷ್ಯದ ಚಳಿಯಲ್ಲಿ ಕೆಲಸ ಸಾಗಿತು. ಒಣಗಲೆಂದು ಹಿಡಿಯನ್ನು ಜಗಲಿಯ ಮುಂದಿನ ಬಟ್ಟೆ ಒಣಹಾಕುವ ತಂತಿಗೆ ಒಂದು ಹಗ್ಗದಲ್ಲಿ ಕಟ್ಟಿ ತೂಗುಬಿಡುತ್ತಿದ್ದಳು.

ಕೊನೆಯ ಪದರ ಹಚ್ಚಿ ಆಗಿತ್ತು. ಬೆಳಗ್ಗೆ ಇಂದುಧರ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದ. ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತನಾಡಿಸುವುದಿಲ್ಲ. ಉಷಾರಾಣಿ ಕಾಫಿ ಲೋಟ ಹಿಡಿದು ಬಾಗಿಲು ತೆಗೆದು ಜಗಲಿಗೆ ಬಂದಳು. ಮಂಜು ಇನ್ನೂ ಕಣದ ಮೇಲೆ ಕೂತಿತ್ತು. ಆ ಮಂಜಿನಲ್ಲಿ ನಿನ್ನೆ ಇಲ್ಲದ ಒಂದು ಗೋಡೆ ಇತ್ತು.

ಗೋಡೆ ಕಿವಿ ಆಡಿಸಿತು.

ಸಲಗ. ಒಂಟಿ. ಒಂಟಿ ಆನೆ ಈ ಕಡೆ ಬಂದಿದೆ, ಎಚ್ಚರಿಕೆ ಎಂದು ಹಿಂದಿನ ಸಂಜೆಯೇ ಅರಣ್ಯ ಇಲಾಖೆಯ ಮೆಸೇಜು ಬಂದಿತ್ತು. ಅವಳು ನೋಡಿರಲಿಲ್ಲ. ಹೆದರಿಸಲು ಇರುವ ಒಂದೇ ಆಯುಧ ಅರ್ಧ ಬೀರುವಿನಲ್ಲಿತ್ತು, ಇನ್ನರ್ಧ ಆನೆಯ ಮುಂದೆ ತೂಗುತ್ತಿತ್ತು. ಕಂಬಕ್ಕೆ ಮೈ ಒತ್ತಿಕೊಂಡು ನಿಂತಳು.

ಆನೆ ಅವಳ ಕಡೆ ನೋಡಲೇ ಇಲ್ಲ. ಅದರ ಗಮನವೆಲ್ಲ ಆ ಮರದ ಮೇಲಿತ್ತು. ಸೊಂಡಿಲು ಮೆಲ್ಲಗೆ ಮೇಲೆದ್ದು ಹಿಡಿಯ ತುದಿಗೆ ಬಂತು. ಮುಟ್ಟಲಿಲ್ಲ. ಕೂದಲೆಳೆ ದೂರದಲ್ಲಿ ನಿಂತು ಮೂಸಿತು. ತಿದಿ ಎಳೆದಂತೆ ಉಸಿರಿನ ಸದ್ದು. ಆ ತುದಿಯಿಂದ ಈ ತುದಿಯವರೆಗೆ, ಮತ್ತೆ ಈ ತುದಿಯಿಂದ ಆ ತುದಿಯವರೆಗೆ, ಒಂದು ಅಂಗುಲವನ್ನೂ ಬಿಡದೆ. ಅಗಸೆಯ ವಾಸನೆ ಅದಕ್ಕೆ ಏನು ಹೇಳುತ್ತಿತ್ತೋ. ಹೊಲದ ವಾಸನೆಯೋ, ಕಾಳಿನದ್ದೋ, ತಾನು ಕಾಣದ ಯಾವುದೋ ಬೆಟ್ಟದ ಮರದ್ದೋ. ಆಮೇಲೆ ಸೊಂಡಿಲಿನ ತುದಿಯ ಬೆರಳು ಮರವನ್ನು ಮುಟ್ಟಿತು. ತಾನು ಎಣ್ಣೆ ಸವರಿದ ಹಾಗೆಯೇ, ಮರದ ಎಳೆಗಳ ಉದ್ದಕ್ಕೆ ಸವರುತ್ತಿದೆ ಎಂದು ಕಂಡಾಗ ಉಷಾರಾಣಿಯ ಕೈಯಲ್ಲಿದ್ದ ಲೋಟ ವಾಲಿ ಕಾಫಿ ಕಾಲ ಮೇಲೆ ಸುರಿಯಿತು. ಬಿಸಿ ಅವಳಿಗೆ ತಿಳಿಯಲಿಲ್ಲ.

ಸೊಂಡಿಲು ಸುತ್ತಿಕೊಂಡಿತು. ಹಗ್ಗ ಎಳೆದ ದಾರದಂತೆ ತುಂಡಾಯಿತು. ಇನ್ನು ಮುಗಿಯಿತು, ಕಬ್ಬಿನ ಜಲ್ಲೆ ಮುರಿದಂತೆ ಮುರಿಯುತ್ತದೆ ಎಂದುಕೊಂಡಳು. ಆನೆ ಅದನ್ನು ಹಣೆಯ ಮಟ್ಟಕ್ಕೆ ಎತ್ತಿತು. ಮಂಜಿನ ಆಚೆ ಆಗ ತಾನೇ ಬಿಸಿಲು ಒಡೆಯುತ್ತಿತ್ತು. ಆ ಬೆಳಕಿನಲ್ಲಿ ಮರ ಹೊತ್ತಿಕೊಂಡಿತು, ಪಟ್ಟೆಗಳು ಓಡಿದವು. ಬೆಟ್ಟದಂಥ ಜೀವ ತಾನೂ ಓರೆ ಮಾಡಿ ಮಾಡಿ ನೋಡುತ್ತಿದೆಯೇನೋ ಎಂಬ ಹಾಗೆ ಅದನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿಸಿತು.

ನಂತರ ಬಾಗಿತು. ಕಣದ ಮೂಲೆಯ ಕಾಫಿ ರಾಶಿಯ ಮೇಲೆ, ತೊಟ್ಟಿಲಿಗೆ ಮಗುವನ್ನು ಇಳಿಸುವಷ್ಟು ಮೆತ್ತಗೆ, ಹಿಡಿಯನ್ನು ಮಲಗಿಸಿತು. ತಿರುಗಿತು. ಅಷ್ಟು ದೊಡ್ಡ ಮೈ ಸಿಲ್ವರ್ ಓಕ್ ಮರಗಳ ನಡುವೆ ಒಂದು ಎಲೆಯ ಸದ್ದನ್ನೂ ಮಾಡದೆ ಮಂಜಿಗೆ ಸೇರಿಹೋಯಿತು.

ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ ಇಂದುಧರನಿಗೆ ಕಂಡದ್ದು ರಾಶಿಯ ಮುಂದೆ ಮಂಡಿಯೂರಿ ಕೂತ ಹೆಂಡತಿ, ಅವಳ ಸುತ್ತ ಮೊರದಗಲದ ಹೆಜ್ಜೆ ಗುರುತುಗಳು.

“ಉಷಾ! ಏನೇ ಇದು? ಆನೆ ಬಂದಿತ್ತಾ? ನಿಂಗೇನೂ ಆಗಿಲ್ಲ ತಾನೇ?”

“ಏನೂ ಆಗಿಲ್ಲ ಕಣ್ರೀ. ಇಲ್ಲಿ ಬನ್ನಿ. ನೋಡಿ.”

ಅವನು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಹಿಡಿಯಲ್ಲಿ ಒಂದು ಸೀಳಿಲ್ಲ, ಒಂದು ತರಚಿಲ್ಲ. ಆನೆಯ ಉಸಿರಿನ ತೇವ ಮಾತ್ರ ಮರದ ಉದ್ದಕ್ಕೂ ಹನಿ ಹನಿಯಾಗಿ ನಿಂತಿತ್ತು. ಒಂದು ಹನಿಯೂ ಒಳಗೆ ಇಳಿದಿರಲಿಲ್ಲ. ಪ್ರತಿ ಹನಿಯ ಅಡಿಯಲ್ಲೂ ಜೇನಿನ ಬಣ್ಣದ ಒಂದು ಗೆರೆ ದೊಡ್ಡದಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು.

ಇಂದುಧರ ಒರೆಸಲೆಂದು ಹೆಗಲ ಟವೆಲ್ ತೆಗೆದ. ಉಷಾರಾಣಿ ಅವನ ಕೈ ಹಿಡಿದುಕೊಂಡಳು.

“ಬೇಡ, ಇರಲಿ. ಬಿಸಿಲಿಗೆ ತಾನೇ ಆರುತ್ತೆ,” ಎಂದಳು. ಇಬ್ಬರೂ ಅಲ್ಲೇ ಕೂತು ಆ ಹನಿಗಳು ಒಂದೊಂದಾಗಿ ಆರುವುದನ್ನು ನೋಡಿದರು.