ಏಳನೇ ಕೋಣೆಯ ಸುಣ್ಣ

"ಅಯ್ಯನೋರ, ಏಳನೇ ಖೋಲಿ ಇದ ಹೌದೋ ಅಲ್ಲೋ?" ಮಹೇಶ್ವರಿ ಮೂರನೇ ಸಲ ಕೇಳಿದಳು.

ಕಾವಲಿನ ಕರಿಬಸಯ್ಯ ಬಾಗಿಲ ಕಡೆ ನೋಡಿದ. ಬಾಗಿಲ ಮೇಲೆ ಏಳರ ಅಂಕಿ ಎದ್ದು ಕಾಣುತ್ತಿತ್ತು. ಒಳಗಿನ ನಾಲ್ಕೂ ಗೋಡೆಗಳು ಹಾಲಿನಂತೆ ಬೆಳ್ಳಗಿದ್ದವು.

ಅವಳು ಸಾಲಗುಂದದಿಂದ ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ಗುಡ್ಡ ಹತ್ತಿ ಬಂದಿದ್ದಳು. ಅವಳಪ್ಪ ಪಂಪಣ್ಣ ಕಾಲುವೆ ನೀರಿನ ಜಗಳದಲ್ಲಿ ಒಬ್ಬನ ತಲೆ ಒಡೆದು ಈ ಕೋಟೆಯ ಜೈಲಿನಲ್ಲಿ ಆರು ವರ್ಷ ಕಳೆದಿದ್ದ. ಹೆಬ್ಬೆಟ್ಟಿನ ಮನುಷ್ಯ ಇಲ್ಲೇ ಅಕ್ಷರ ಕಲಿತು, ಮೊದಲು ಬರೆದದ್ದು ಮಗಳ ಹೆಸರು, ಅದೂ ಗೋಡೆಯ ಮೇಲೆ ಇದ್ದಲಿನಿಂದ. ಬಿಡುಗಡೆಯಾದ ಮೇಲೆ ಒಂದಕ್ಷರ ಬರೆಯಲಿಲ್ಲ. ಜೈಲಿನ ವಿದ್ಯೆ ಜೈಲಿನಲ್ಲೇ ಇರಲಿ ಅನ್ನುತ್ತಿದ್ದ. ಹೋದ ದೀಪಾವಳಿಗೆ ತೀರಿಕೊಳ್ಳುವ ಮುಂಚೆ ಮಾತ್ರ, "ಏಳನೇ ಖೋಲಿ, ಕಿಡಕಿ ಕೆಳಗ ನಿನ್ನ ಹೆಸರು ಐತಿ, ನೋಡಿ ಬಾ" ಎಂದಿದ್ದ.

ಕರಿಬಸಯ್ಯ ಇದೇ ಕೋಟೆಯಲ್ಲಿ ಇಪ್ಪತ್ತೆಂಟು ವರ್ಷ ವಾರ್ಡರ್ ಆಗಿದ್ದವನು. ಅರಸರು ಜೋಳ, ಮದ್ದು ತುಂಬಿಡುತ್ತಿದ್ದ ಕೋಣೆಗಳಿಗೆ ನಿಜಾಮನ ಕಾಲದಲ್ಲಿ ಕಬ್ಬಿಣದ ಬಾಗಿಲು ಬಂದವಂತೆ. ಆಮೇಲೆ ಸರ್ಕಾರ ಬದಲಾಯಿತು, ಬಾಗಿಲು ಬದಲಾಗಲಿಲ್ಲ. ಒಂಬತ್ತು ವರ್ಷದ ಹಿಂದೆ ಕೈದಿಗಳೆಲ್ಲ ಹೊಸ ಕಟ್ಟಡಕ್ಕೆ ಹೋದರು. ನಿವೃತ್ತನಾಗಿದ್ದ ಕರಿಬಸಯ್ಯ ಕಾವಲಿನ ನೆಪದಲ್ಲಿ ಇಲ್ಲೇ ಉಳಿದ.

ಮೊನ್ನೆ ಫೋನು ಬಂದಿತ್ತು, ರಾಯಚೂರಿನ ಸಾಹೇಬರು ಗೋಡೆ ನೋಡಲು ಬರುತ್ತಾರೆ ಎಂದು. ಸಾಹೇಬರು ಬರುತ್ತಾರೆಂದರೆ ಸುಣ್ಣ ಹೊಡೆಸಬೇಕು. ಅವನ ನೌಕರಿಯುದ್ದಕ್ಕೂ ಇದಕ್ಕೆ ಎರಡನೇ ಮಾತಿರಲಿಲ್ಲ. ಜೈಲಿನ ಕೊನೆಯ ವರ್ಷಗಳಲ್ಲಿ ಯಾವ ಸಾಹೇಬರೂ ಬರಲಿಲ್ಲ, ಗೋಡೆಗೆ ಸುಣ್ಣವೂ ಬೀಳಲಿಲ್ಲ. ನಿನ್ನೆಯೇ ಬಣ್ಣದ ಬಂದೇಸಾಬನನ್ನು ಕರೆಸಿ ಹದಿನಾಲ್ಕೂ ಕೋಣೆಗೆ ಹೊಡೆಸಿಬಿಟ್ಟ. ಇವತ್ತು ಬೆಳಿಗ್ಗೆ ಮತ್ತೆ ಫೋನು. ಕೈದಿಗಳು ಗೋಡೆ ಮೇಲೆ ಬರೆದದ್ದರ ಫೋಟೊ ತೆಗೆಯಲಿಕ್ಕೇ ಅವರು ಬರುತ್ತಿದ್ದಾರಂತೆ! ಆಗಿನಿಂದ ಅವನು ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ. ಅಷ್ಟರಲ್ಲಿ ಇವಳು ಬಂದಳು.

"ನಾನ ಸುಣ್ಣ ಹೊಡಿಸೀನಿ ಯವ್ವಾ, ನಿನ್ನಿ."

"ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲ. ಕೈಗೆ ರೂಢಿ ಬಿದ್ದೈತಿ."

ಮಹೇಶ್ವರಿ ಕಿಟಕಿಯ ಕೆಳಗೆ ಕುಕ್ಕರಿಸಿ, ಸೆರಗಿನಿಂದ ಗೋಡೆ ತಿಕ್ಕತೊಡಗಿದಳು.

"ಬ್ಯಾಡವ್ವಾ, ತಿಕ್ಕಬ್ಯಾಡ! ಸುಣ್ಣದ ಸಂಗಾಟ ಇದ್ದಲಿನೂ ಹೋಗತೈತಿ."

"ಹಂಗಾರ ನಾ ಏನ್ ಮಾಡ್ಲಿ? ಹೊಲದ ಕಾಗದದಾಗೂ ಅಪ್ಪಂದು ಹೆಬ್ಬೆಟ್ಟ ಐತ್ರಿ. ಅವ ಬರೆದಿದ್ದು ಈ ಲೋಕದಾಗ ಇದೊಂದ."

ಕರಿಬಸಯ್ಯ ಅವಳ ಸೆರಗಿಗೆ ಹತ್ತಿದ ಸುಣ್ಣ ನೋಡಿದ. ಆ ಪಂಪಣ್ಣ ಗೋಡೆ ಹೊಲಸು ಮಾಡಿದನೆಂದು ಅವನಿಗೆ ಎರಡೇಟು ಹಾಕಿದವನೂ ತಾನೇ. ಅದನ್ನು ಇವಳಿಗೆ ಹೇಗೆ ಹೇಳುವುದು? ಅವನು ಬಾಗಿಲವರೆಗೆ ಹೋದ, ಬಂದ, ಮತ್ತೆ ಹೋದ. ಹೊಸ್ತಿಲ ಮೇಲೆ ಥಟ್ಟನೆ ನಿಂತ.

ನಿನ್ನೆ ಬ್ರಷ್ ಆಡಿಸುವಾಗ ಅಕ್ಷರಗಳು ಸುಣ್ಣದಡಿಯಿಂದ ಕಾಣುತ್ತಲೇ ಇದ್ದವು. ಇನ್ನೊಂದು ಕೈ ಹೊಡಿ ಎಂದು ತಾನೇ ಗದರಿದ್ದ. "ಹಸಿ ಐತ್ರಿ, ಆರಿದ್ರ ಮುಚ್ಚತೈತಿ ಬಿಡ್ರಿ" ಎಂದು ಬಂದೇಸಾಬ ನಕ್ಕಿದ್ದ.

ಅವನು ಅಂಗಳದ ಡ್ರಮ್ಮಿನಿಂದ ಬಕೆಟ್ ತುಂಬ ನೀರು ತಂದ. ಬೊಗಸೆಯಲ್ಲಿ ತುಂಬಿಕೊಂಡು, ಲಿಂಗಕ್ಕೆ ಎರೆಯುವ ಹಾಗೆ, ಕಿಟಕಿಯ ಕೆಳಗೆ ಮೆಲ್ಲಗೆ ಬಿಟ್ಟ. ಬಿಳಿ ತೆಳ್ಳಗಾಯಿತು. ಮೊದಲು ಒಂದು ಕಪ್ಪು ಸುತ್ತು, ಆಮೇಲೆ ಇನ್ನೊಂದು. ಅಂಗೈಯಗಲದ, ಸೊಟ್ಟಸೊಟ್ಟ ಅಕ್ಷರಗಳಲ್ಲಿ ಮಹೇಶ್ವರಿ ಎಂದು ಬಂತು.

ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಫೋಟೊ ಹೊಡ್ಕೋ ಯವ್ವಾ, ಲಗೂನ. ಆರಾಕತ್ತೈತಿ."

ಅವಳಿಗೆ ಕೇಳಿಸಲಿಲ್ಲ. ಬೆರಳನ್ನು ಗೋಡೆಗೆ ತಾಗಿಸದೆ, ಅಕ್ಷರಗಳ ಮೇಲೆ ಗಾಳಿಯಲ್ಲೇ ತಿದ್ದುತ್ತಿದ್ದಳು. ಅವಳ ಬೆರಳು ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮತ್ತೆ ಬಿಳಿಚತೊಡಗಿತು.

ಗುಡ್ಡದ ಕೆಳಗೆ ಸಾಹೇಬರ ಜೀಪಿನ ಹಾರ್ನ್ ಕೇಳಿಸಿತು, ಒಂದು ಸಲ, ಎರಡು ಸಲ. ಕೋಟೆಯ ಅಗಸೆ ಬಾಗಿಲ ಕೀಲಿ ಕರಿಬಸಯ್ಯನ ಸೊಂಟದಲ್ಲೇ ಇತ್ತು. ಅವನು ಅತ್ತ ತಿರುಗಿ ನೋಡಲಿಲ್ಲ. ಖಾಲಿ ಬಕೆಟ್ ಎತ್ತಿಕೊಂಡು ಡ್ರಮ್ಮಿನ ಕಡೆ ನಡೆದ.