ಪ್ರಾರ್ಥನೆಗೆ ಮುಂಚೆ

“ಇನ್ನೊಂಚೂರು ಎಡಕ್ಕೆ ತಿರುಗ್ಸಿ, ಗೋಡೆಗೆ ತಾಗುತ್ತೆ!” ಮನೆ ಮಾಲೀಕ ಮಡಿವಾಳಪ್ಪ ಕೆಳಗಿನಿಂದ ಕೂಗಿದರು.

ಹೊಸಹಳ್ಳಿಯ ಆ ಇಕ್ಕಟ್ಟು ಮೆಟ್ಟಿಲಿನಲ್ಲಿ ದಯಾಕರ ಮತ್ತು ಇನ್ನೂ ಮೂವರು ಅವನ ತಾಯಿ ಸುವಾರ್ತಮ್ಮನ ಶವಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿ, ಅಂಗಳದ ಶಾಮಿಯಾನದಡಿ ಇಟ್ಟರು. ಅಮ್ಮನ ತಲೆಯ ಬಳಿ ದಯಾಕರನ ಅಕ್ಕ ಕೃಪಾ ಕುಳಿತಳು. ದಯಾಕರನ ಹೆಂಡತಿ ಲತಾ ಮಾತ್ರ ನಾಲ್ಕು ವರ್ಷದ ಮಗಳು ವಚನಾಳ ಕೈ ಹಿಡಿದು ಗೇಟಿನಾಚೆಯೇ ನಿಂತಿದ್ದಳು.

“ಸೊಸೆ ಯಾಕೆ ಆಚೆ ನಿಂತವ್ಳೆ?” ಪಕ್ಕದ ಮನೆಯ ಇಂದ್ರಮ್ಮ ಪಿಸುಗುಟ್ಟಿದರು.

“ಅವ್ಳು ನಮ್ಮ ಚರ್ಚ್ ಸಭೆಯವಳಲ್ಲ, ಈ ಮನೆ ಹೊಸ್ತಿಲು ತುಳೀಬಾರ್ದು ಅಂತ ಕೃಪಾ ಅಂದಿದ್ಳಲ್ಲ, ಮದುವೆ ಟೈಮಲ್ಲಿ,” ಎಂದರು ಮಡಿವಾಳಪ್ಪ. “ಐದು ವರ್ಷ ಆಯ್ತು.”

ಸಭಾಪಾಲಕರು ಕನ್ನಡಕ ಹಾಕಿಕೊಂಡರು. “ಕೃಪಾ, ಹೊರಡೋ ಮುಂಚೆ ನೀನೇ ಪ್ರಾರ್ಥನೆ ಮಾಡಮ್ಮ.”

*

ಗಂಡ ತೀರಿಕೊಂಡಾಗ ಸುವಾರ್ತಮ್ಮನಿಗೆ ಮೂವತ್ತೊಂದು. ಶಾಲೆಯೊಂದರಲ್ಲಿ ಆಯಾ ಕೆಲಸ. ಎಷ್ಟೇ ದಣಿದಿದ್ದರೂ ಊಟವಾದ ಮೇಲೆ ಇಬ್ಬರು ಮಕ್ಕಳನ್ನೂ ಚಾಪೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. “ಜಗಳ ಇದ್ರೆ ಮೊದ್ಲು ಮುಗಿಸ್ಕೊಳಿ. ದೇವ್ರು ಕಾಯ್ತಾನೆ, ಅವನಿಗೇನೂ ಅವಸರ ಇಲ್ಲ,” ಎನ್ನುತ್ತಿದ್ದಳು.

ಒಂದು ದಿನ ಶಾಲೆಯ ಬೀಗದ ಕೈ ಕಾಣೆಯಾಯಿತು. ಆಡಿ ಕಳೆದಿದ್ದಾಳೆಂದು ಹತ್ತು ವರ್ಷದ ಕೃಪಾಳ ಕೆನ್ನೆಗೆ ಹೊಡೆದಳು. ಸಂಜೆ ಅದು ಸುವಾರ್ತಮ್ಮನದೇ ಊಟದ ಚೀಲದ ತಳದಲ್ಲಿ ಸಿಕ್ಕಿತು.

ಅಂದು ಪ್ರಾರ್ಥನೆಗೆ ಕುಳಿತು, “ಯೇಸುವೇ” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಎದ್ದು ಬಂದು ಮಗಳ ಮುಂದೆ ಮಂಡಿಯೂರಿದಳು.

“ತಪ್ಪು ನಂದು ಕಣೇ. ಕ್ಷಮಿಸ್ತೀಯಾ?”

ಕೃಪಾ ಗೋಡೆಯತ್ತ ಮುಖ ತಿರುಗಿಸಿದಳು.

“ಆಗ್ಲಿ. ನಿಂಗೆ ಮನಸ್ಸು ಬರೋವರೆಗೂ ಕಾಯ್ತೀನಿ.”

ಅಂದು ಪ್ರಾರ್ಥನೆಯಿಲ್ಲದೆ ಮಲಗಿದರು. ಮರುದಿನ ಜಡೆ ಹಾಕಿಸಿಕೊಳ್ಳುವಾಗ ಕೃಪಾ ತಿರುಗದೆಯೇ, “ಅಮ್ಮ, ಈಗ ಪ್ರಾರ್ಥನೆ ಮಾಡೋಣ,” ಎಂದಳು. ಮೂವರೂ ಶಾಲೆಗೆ ತಡವಾಗಿ ಹೋದರು.

*

“ಪ್ರೀತಿಯ ತಂದೆಯೇ...” ಎಂದ ಕೃಪಾ ಸುಮ್ಮನಾದಳು. ಅಳುತ್ತಿದ್ದಾಳೆಂದು ಎಲ್ಲರೂ ಕಾದರು. ಅವಳು ಕಣ್ಣು ಬಿಟ್ಟು, ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಗೇಟಿನ ಬಳಿ ಹೋದಳು.

“ಲತಾ, ನಾನು ಹಾಗೆ ಅನ್ನಬಾರ್ದಿತ್ತು. ತಪ್ಪು ನಂದು.”

ಲತಾ ವಚನಾಳನ್ನು ಹತ್ತಿರಕ್ಕೆಳೆದುಕೊಂಡಳು. “ಐದು ವರ್ಷ, ಅಕ್ಕ. ಅತ್ತೆ ಪ್ರತಿ ಭಾನುವಾರ ಚರ್ಚ್ ಮುಗಿಸಿ ಬಸ್ಸು ಹತ್ತಿ ನಮ್ಮನೆಗೆ ಬರೋರು. ಮಂಡಿ ನೋವಲ್ಲೂ ಬಂದ್ರು. ನೀವು ಒಂದ್ ಸಲಾನೂ ಬರ್ಲಿಲ್ಲ.”

“ಹೌದು.”

“ಈಗ ಸರಿ ಬಿಡಿ ಅನ್ನೋಕೆ ನಂಗಾಗ್ತಿಲ್ಲ.”

“ಅನ್ನಬೇಡ. ನಿಂಗೆ ಮನಸ್ಸು ಬಂದಾಗ ಹೇಳು. ಈಗ ಒಳಗೆ ಬಾ. ಅಮ್ಮನ ಹತ್ರ ಕೂತ್ಕೋ.”

ಲತಾ ಚಪ್ಪಲಿ ಬಿಟ್ಟು ಮಗಳೊಂದಿಗೆ ಒಳಗೆ ಬಂದಳು. ದಯಾಕರ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡ. ಕೃಪಾ ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡಿದಳು. ಮುಗಿದಾಗ ಎಲ್ಲರಿಗಿಂತ ಗಟ್ಟಿಯಾಗಿ “ಆಮೆನ್” ಎಂದದ್ದು ವಚನಾ.

“ಯಾರು ಹೇಳ್ಕೊಟ್ರು ಪುಟ್ಟಾ?” ಕೃಪಾ ಕೇಳಿದಳು.

“ಅಜ್ಜಿ. ಕಣ್ಣು ಮುಚ್ಕೊಂಡು ಕಳ್ಳಾಟ ಆಡಬಾರ್ದು ಅಂತಾನೂ ಹೇಳಿದ್ರು.”

ಲತಾಗೆ ಅಳುವಿನ ನಡುವೆಯೇ ನಗು ಬಂತು. ಕೃಪಾಳಿಗೂ ತಡೆಯಲಾಗಲಿಲ್ಲ.

ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ವಚನಾ ಎರಡೂ ಕೈಯಲ್ಲಿ ಬಾಚಿ ಹಾಕಿದಳು. ವಾಪಸು ಹೊರಡುವಷ್ಟರಲ್ಲಿ ಬಿಸಿಲಿಗೆ ಸೋತು ತೂಕಡಿಸತೊಡಗಿದಳು. ಲತಾ ಮಗುವನ್ನೆತ್ತಿ ಕೃಪಾಳ ತೋಳಿಗೆ ಕೊಟ್ಟಳು.

“ಅಯ್ಯೋ, ಬಿಳಿ ಸೀರೆ ಎಲ್ಲಾ ಮಣ್ಣಾಯ್ತಲ್ಲಮ್ಮ,” ಎಂದರು ಇಂದ್ರಮ್ಮ.

ಕೃಪಾಳ ಹೆಗಲ ಮೇಲೆ ಐದು ಪುಟ್ಟ ಬೆರಳುಗಳ ಕೆಮ್ಮಣ್ಣಿನ ಗುರುತು ಮೂಡಿತ್ತು. ಅವಳು ಮಗುವಿನ ತಲೆಯನ್ನು ಕತ್ತಿಗೆ ಇನ್ನಷ್ಟು ಒತ್ತಿಕೊಂಡು, ಲತಾಳ ಪಕ್ಕದಲ್ಲಿ ನಿಧಾನವಾಗಿ ನಡೆದಳು.