ಕಾಲಂ ಒಂಬತ್ತು: ಮಗುವಿನಿಂದ ಇತರರಿಗೆ ಆಗುವ ತೊಂದರೆ

೧

ಎಲ್ಲಿಂದ ಶುರು ಮಾಡಲಿ? ಮಗು ಬೆಂಚಿನ ಕೆಳಗೆ ಕಿವಿ ಮುಚ್ಚಿಕೊಂಡು ಕುಳಿತಲ್ಲಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ‘ಅಯ್ಯೋ ಪಾಪ’ ಎಂದುಬಿಡುತ್ತೀರಿ. ಪಾಪ ಎಂದವರು ಮುಂದಕ್ಕೆ ಓದುವುದಿಲ್ಲ, ಇದು ಅನುಭವದ ಮಾತು. ಆ ಕರಡು ಹರಿದೆ. ಡಾಕ್ಟರು ‘ಆಟಿಸಂ’ ಎಂದು ಬರೆದುಕೊಟ್ಟ ದಿನದಿಂದ ಶುರುವಾದದ್ದು ಎರಡನೇ ಕರಡು. ಅದನ್ನೋದಿದ ತಾಯಿ, “ಇದು ಡಾಕ್ಟರ ಕಥೆ ಆಯ್ತು, ನಮ್ಮದೆಲ್ಲಿ?” ಎಂದಳು. ಅದೂ ಬುಟ್ಟಿ ಸೇರಿತು.

ಹಾಗಾಗಿ ಕನ್ನಡಕದ ಅಂಗಡಿ. ತಾಯಿಗೆ ಅಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, “ಈಗ ಚೆನ್ನಾಗಿ ಕಾಣ್ತಾ, ಇಲ್ಲಾ ಮೊದಲಿಂದೇ ವಾಸಿನಾ?” ಎಂದು ಬೆಳಗಿನಿಂದ ಸಂಜೆವರೆಗೆ ಕೇಳುವುದು. ಮಗಳಿಗೆ ಆಗ ಏಳು ವರ್ಷ. ಮೂರಕ್ಕೇ ಅಂಗಡಿ ಗೋಡೆಯ ಅಕ್ಷರಪಟ್ಟಿಯನ್ನು ಕೊನೇ ಸಾಲಿನವರೆಗೆ ಓದಿದ್ದಳು. ಬೋರ್ಡು, ಔಷಧಿ ಡಬ್ಬಿ, ಬಸ್ಸಿನ ಹಿಂಬದಿ, ಕಂಡದ್ದನ್ನೆಲ್ಲ ವಾರ್ತೆ ಓದುವವರ ಹಾಗೆ ಏರಿಳಿತವಿಲ್ಲದ ದನಿಯಲ್ಲಿ ಓದುತ್ತಾಳೆ. ತಾತ ಇಟ್ಟ ಹೆಸರು ಓದುಮಲ್ಲಿ.

(ಅಪ್ಪ ಎಲ್ಲಿ ಎಂದು ಕೇಳುತ್ತೀರಿ. ಲಾರಿ ಓಡಿಸುತ್ತಾನೆ. ಕುಡಿಯುವುದಿಲ್ಲ, ಬಡಿಯುವುದಿಲ್ಲ, ವಾರಕ್ಕೆರಡು ದಿನ ಮನೆಯಲ್ಲಿರುತ್ತಾನೆ. ಕಥೆಗೆ ಉಪಯೋಗವಿಲ್ಲದಷ್ಟು ಒಳ್ಳೆಯವನು.)

೨

ಎರಡನೇ ತರಗತಿಯಲ್ಲಿ ನಲವತ್ತೆರಡು ಮಕ್ಕಳು, ಒಬ್ಬರು ಟೀಚರು. ಗಂಟೆ ಹೊಡೆದರೆ ಓದುಮಲ್ಲಿ ಕಿರುಚಿ ಬೆಂಚಿನ ಕೆಳಗೆ ಸೇರುತ್ತಿದ್ದಳು. ಒಂದು ದಿನ ಗೇಟು ದಾಟಿ ಹೋದವಳು ಬಸ್‌ಸ್ಟಾಪಿನಲ್ಲಿ ವೇಳಾಪಟ್ಟಿ ಓದುತ್ತಾ ಸಿಕ್ಕಿದಳು. ಶಾಲೆಗೂ ಬಸ್‌ಸ್ಟಾಪಿಗೂ ನಡುವೆ ಹೆದ್ದಾರಿ.

ತರಗತಿಯಲ್ಲಿ ಅವಳೊಬ್ಬಳ ಪಕ್ಕದಲ್ಲೇ ಕೂರುವ ಸಹಾಯಕಿ ಬೇಕೆಂದು ತಾಯಿ ಶಿಕ್ಷಣ ಇಲಾಖೆಗೆ ಅರ್ಜಿ ಹಾಕಿದಳು. ಮಗಳ ಬಗ್ಗೆ ತಿಳಿಸಿ ಎಂದಿದ್ದಲ್ಲಿ ಹೆಮ್ಮೆಯಿಂದ ಬರೆದಳು: ಎಲ್ಲವನ್ನೂ ಓದುತ್ತಾಳೆ, ಊರಿನ ಬಸ್ಸಿನ ನಂಬರುಗಳೆಲ್ಲ ಬಾಯಿಪಾಠ. ನಾಲ್ಕು ತಿಂಗಳ ನಂತರ ಉತ್ತರ ಬಂತು. ‘ಓದುವ ಸಾಮರ್ಥ್ಯ ವಯಸ್ಸಿಗಿಂತ ಹೆಚ್ಚಿರುವುದರಿಂದ ಸಹಾಯಕಿಯ ಅಗತ್ಯ ಕಂಡುಬಂದಿಲ್ಲ.’ ಲಕೋಟೆ ಒಡೆದು ಅದನ್ನು ಗಟ್ಟಿಯಾಗಿ ಓದಿದವಳು ಓದುಮಲ್ಲಿಯೇ.

ಟೀಚರು ಕಾಗದ ನೋಡಿ ನಿಟ್ಟುಸಿರಿಟ್ಟರು. “ಅಮ್ಮನ ಥರ ಬರೆದಿದೀರಿ. ಅದಕ್ಕೇ ಹೀಗಾಯ್ತು. ಅವಳನ್ನ ಕಂಡ್ರೆ ಆಗದೇ ಇರೋರು ಹೇಗೆ ಬರೀತಾರೋ ಹಾಗೆ ಬರೀರಿ.”

“ನೀವು ಬರೆದುಕೊಡ್ತೀರಾ ಮೇಡಂ?”

“ನಂಗೆ ಅವಳನ್ನ ಕಂಡ್ರೆ ಇಷ್ಟ,” ಎಂದರು ಟೀಚರು.

೩

ಊಟದ ಬಿಡುವಿನಲ್ಲಿ, ಕಣ್ಣು ಪರೀಕ್ಷೆಯ ಕತ್ತಲ ಕೋಣೆಯಲ್ಲಿ, ದೀಪ ಹೊತ್ತಿಸಿದ ಅಕ್ಷರಪಟ್ಟಿಯ ಬೆಳಕಿಗೆ ಎರಡನೇ ಅರ್ಜಿಯ ಫಾರಂ ಹಿಡಿದು ತಾಯಿ ಕಾಲಂ ಒಂಬತ್ತು ತುಂಬಿದಳು. ಸ್ವಭಾವ ಉಗ್ರ. ಸಹಪಾಠಿಯ ಮೇಲೆ ಡಬ್ಬಿ ಎಸೆದಿದ್ದಾಳೆ. ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾಳೆ. ಸ್ನೇಹಿತರಿಲ್ಲ. ಜೊತೆಗೊಬ್ಬರು ಇಲ್ಲದಿದ್ದರೆ ಉಳಿದ ಮಕ್ಕಳಿಗೆ ಅಪಾಯ.

ಒಂದೊಂದು ಮಾತೂ ನಿಜ. ಒಟ್ಟಿಗೆ ಓದಿದರೆ ಹಸಿ ಸುಳ್ಳು.

(ಇಂಥ ಕೆಲಸಕ್ಕೆ ನಮ್ಮ ಕಸುಬಿನಲ್ಲಿ ‘ಪಾತ್ರಚಿತ್ರಣ’ ಎನ್ನುತ್ತಾರೆ. ಮೈಕಿನ ಮುಂದೆ ನಿಲ್ಲಿಸಿ ಶಾಲು ಹೊದಿಸುತ್ತಾರೆ.)

೪

ಮಗುವನ್ನು ಕರೆತನ್ನಿ ಎಂದು ಕಚೇರಿಯಿಂದ ಕರೆ ಬಂತು. ಅಧಿಕಾರಿ ಕೆಟ್ಟವರೇನಲ್ಲ. ಕನ್ನಡಕದ ನಂಬರು ಬದಲಾಗಿ ಎರಡು ವರ್ಷವಾದರೂ ಆಗಿರಬೇಕು, ಕಾಗದವನ್ನು ತೋಳುದ್ದ ದೂರ ಹಿಡಿದು ನೋಡಿ ಮೇಜಿನ ಮೇಲಿಟ್ಟರು. ಎದುರಿಗೆ ಕುಳಿತ ಓದುಮಲ್ಲಿ ಅದನ್ನು ತಲೆಕೆಳಗಾಗಿಯೇ ಓದತೊಡಗಿದಳು. “ಸ್ವಬಾವ ಉಗ್ರ. ಸಹಪಾಠಿಯ ಮೇಲೆ ಡಬ್ಬಿ ಎಸೆದಿದ್ದಾಳೆ.” ಒಂದು ಪದ ಬಿಡದೆ ಅಪಾಯದವರೆಗೆ ಓದಿದಳು. ಆಮೇಲೆ ಮೊದಲ ಪದದ ಮೇಲೆ ಬೆರಳಿಟ್ಟು, “ಇದು ತಪ್ಪು. ಭ. ಹೊಟ್ಟೆ ಸೀಳಬೇಕು,” ಎಂದಳು.

ಅಧಿಕಾರಿ ನಕ್ಕರು. “ಎಷ್ಟು ಜಾಣೆ ರೀ. ಇಂಥ ಮಗೂಗೆ ಸಹಾಯಕಿ ಯಾಕೆ?” ಫೈಲು ಮುಚ್ಚಿದರು.

ಮೇಜಿನ ಮೇಲೆ ಅಟೆಂಡರನ್ನು ಕರೆಯುವ ಸ್ಟೀಲಿನ ಗಂಟೆ ಇತ್ತು, ತಲೆ ಕುಟ್ಟಿದರೆ ಠಣ್ ಎನ್ನುವಂಥದ್ದು. ನನ್ನ ಕರಡಿನಲ್ಲಿ ಚಹಾ ತರಿಸಲು ಅಧಿಕಾರಿಯೇ ಅದನ್ನು ಒತ್ತುತ್ತಾರೆ, ಮಗು ಕಿರುಚುತ್ತದೆ, ಅನುಮತಿ ಸಿಗುತ್ತದೆ. ಚೊಕ್ಕವಾಗಿತ್ತು. ತಾಯಿ ತಡೆದಳು.

“ಅವರು ಒತ್ತಲಿಲ್ಲ. ನಾನು ಒತ್ತಿದ್ದು.”

“ಗೊತ್ತು. ಓದುಗರು ನಿಮ್ಮನ್ನ ಕ್ಷಮಿಸಲ್ಲ ಅಂತ ಹಾಗೆ ಬರೆದೆ.”

“ಕ್ಷಮೆ ಯಾರು ಕೇಳಿದ್ರು? ನಾನು ಒತ್ತಿದೆ ಅಂತ ಬರೀರಿ. ಒಂದ್ಸಲ ಅಲ್ಲ, ಮೂರು ಸಲ.”

ಬರೆದೆ. ತಾಯಿ ಕೈ ಚಾಚಿ ಮೂರು ಸಲ ಒತ್ತಿದಳು. ಓದುಮಲ್ಲಿ ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ನುಗ್ಗಿದಳು, ಕಿರುಚಿದಳು, ಮಣಿಕಟ್ಟು ಕಚ್ಚಿಕೊಂಡಳು, ರಕ್ತ ಬಂತು. ತಾಯಿಯೂ ಕೆಳಗೆ ಕುಳಿತು ಅವಳನ್ನು ಅವಚಿಕೊಳ್ಳಲು ಹೋದಳು. ಮಗು ಅವಳ ಕೈ ತಳ್ಳಿತು. ಅಧಿಕಾರಿ ಎದ್ದು ನಿಂತಲ್ಲೇ ಸಹಿ ಹಾಕಿದರು.

೫

ಸಹಾಯಕಿ ಬಂದಳು. ಇಪ್ಪತ್ತೆರಡರ ಹುಡುಗಿ, ಮಕ್ಕಳೆಲ್ಲ ನೆರಳು ಮಿಸ್ ಎನ್ನುತ್ತಿದ್ದರು. ಗಡಿಯಾರ ನೋಡಿಕೊಂಡು ಒಂದು ನಿಮಿಷ ಮುಂಚೆ, “ಈಗ ಗಂಟೆ ಬರುತ್ತೆ ಪುಟ್ಟಾ, ಇಬ್ರೂ ಕಿವಿ ಮುಚ್ಕೊಳೋಣ,” ಎನ್ನುತ್ತಿದ್ದಳು. ಅಷ್ಟೇ. ಇಷ್ಟಕ್ಕೆ ಒಂದೂವರೆ ವರ್ಷ ಬೇಕಾಯಿತು. ಮೂರು ತಿಂಗಳಲ್ಲಿ ಓದುಮಲ್ಲಿ ಬೆಂಚಿನ ಮೇಲೆಯೇ ಉಳಿದಳು. ಪಕ್ಕದ ಹುಡುಗಿಗೆ ಪಾಠ ಓದಿ ಹೇಳತೊಡಗಿದಳು. ಒಂದು ದಿನ ಇಬ್ಬರೂ ಯಾಕೋ ನಕ್ಕರಂತೆ. ಯಾಕೆಂದು ಯಾರಿಗೂ ಗೊತ್ತಿಲ್ಲ.

ಮನೆಯಲ್ಲಿ ಮಾತ್ರ ಒಂದು ಬದಲಾವಣೆ. ಈಗ ಯಾವ ಕಾಗದ ಸಿಕ್ಕರೂ, ಔಷಧಿ ಚೀಟಿಯಾಗಲಿ, ಅಕ್ಕಿ ಚೀಲವಾಗಲಿ, ಓದುವ ಮುಂಚೆ ಅವಳು ತಾಯಿಯನ್ನು ಕೇಳುತ್ತಾಳೆ, “ಇದು ನನ್ನ ಬಗ್ಗೆನಾ?”

೬

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅನುಮತಿ ಒಂದು ವರ್ಷಕ್ಕೆ ಮಾತ್ರ. ಹೊಸ ಫಾರಂ ಬಂದಿದೆ, ಕಾಲಂ ಒಂಬತ್ತು ಇದೆ. ಮೂರು ಅಂತ್ಯಗಳನ್ನು ತಾಯಿಯ ಮುಂದಿಟ್ಟೆ.

ಅ. ಸುಧಾರಿಸಿದ್ದಾಳೆ ಎಂದು ನಿಜ ಬರೆಯುತ್ತಾಳೆ. ನೆರಳು ಮಿಸ್ಸನ್ನು ತೆಗೆಯುತ್ತಾರೆ. ವಾರದೊಳಗೆ ಮತ್ತೆ ಬೆಂಚಿನ ಕೆಳಗೆ.

ಆ. ಇನ್ನೂ ಕೆಟ್ಟದಾಗಿ ಬರೆಯುತ್ತಾಳೆ. ಮಿಸ್ ಉಳಿಯುತ್ತಾಳೆ. ಮಗು ಅದನ್ನೂ ಓದುತ್ತದೆ.

ಇ. ಇಲಾಖೆ ಫಾರಂ ಬದಲಿಸುತ್ತದೆ. (ಬರೆಯುವಾಗ ನನಗೇ ನಗು ಬಂತು.)

“ಯಾವುದೂ ಬೇಡ,” ಎಂದಳು ತಾಯಿ.

“ಹಾಗಾದ್ರೆ ಮುಗಿಸೋದು ಹೇಗೆ?”

“ಮುಗಿಸೋಕೆ ನಿಮ್ಗೇನು ಅಷ್ಟು ಅವಸರ? ಅವಳಿಗಿನ್ನೂ ಹತ್ತು ತುಂಬಿಲ್ಲ.” ಚೀಲದಿಂದ ಫಾರಂ ತೆಗೆದು ನನ್ನ ಹಾಳೆಗಳ ಮೇಲೆ ಇಟ್ಟಳು. “ಬೇರೆಯವರ ಕಷ್ಟ ಚೆನ್ನಾಗಿ ಬರೀತೀರಲ್ಲ, ಇದನ್ನೂ ಬರೀರಿ. ನನ್ನ ಕೈಲಿ ಇನ್ನೊಂದ್ಸಲ ಆಗಲ್ಲ. ಸೋಮವಾರ ಕಡೇ ದಿನ.”

ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದಳು.

ಇವತ್ತು ಭಾನುವಾರ. ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ಉಳಿದಿರುವುದು ಇಷ್ಟು:

ಈ ಮಗು